ಮತಕ್ಕೆ ಹಾಕದ ಕಾನೂನಿನ ಬೆಲೆ: ಫ್ರಾನ್ಸಿನ ಪಿಂಚಣಿ ಮತ್ತು ಇಂದಿನ ಸರ್ಕಾರಗಳ ಇಕ್ಕಟ್ಟು

2025ರ ಅಕ್ಟೋಬರ್ 14ರಂದು ಫ್ರಾನ್ಸಿನ ಪ್ರಧಾನಿ ಸೆಬಾಸ್ಟಿಯನ್ ಲೆಕೋರ್ನು ಅವರು ಸಂಸತ್ತಿನ ಕೆಳಮನೆಯಲ್ಲಿ ಒಂದು ಘೋಷಣೆ ಮಾಡಿದರು. ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನಿನ ಜಾರಿಯನ್ನು ಮುಂದಿನ ಅಧ್ಯಕ್ಷೀಯ ಚುನಾವಣೆ ಮುಗಿಯುವವರೆಗೆ ತಡೆಹಿಡಿಯಲಾಗುವುದು ಎಂಬುದೇ ಆ ಘೋಷಣೆ. ಇದೇ ಕಾನೂನನ್ನು ತರುವುದಕ್ಕಾಗಿ ಎರಡೂವರೆ ವರ್ಷಗಳ ಹಿಂದೆ ಅವರದೇ ಪಾಳಯದ ಸರ್ಕಾರ ತಿಂಗಳುಗಟ್ಟಲೆ ನಡೆದ ಮುಷ್ಕರಗಳನ್ನು ಎದುರಿಸಿತ್ತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರೂ ಜಗ್ಗಿರಲಿಲ್ಲ, ಕೊನೆಗೆ ಕೆಳಮನೆಯ ಅಂತಿಮ ಮತದಾನವನ್ನೇ ತಪ್ಪಿಸಿ ಮಸೂದೆಯನ್ನು ದಡ ಸೇರಿಸಿತ್ತು. ಅಷ್ಟು ಹಟದಿಂದ ಪಡೆದ ಕಾನೂನನ್ನು ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರನ್ ಅವರ ಆಪ್ತರೆಂದೇ ಹೆಸರಾದ ಪ್ರಧಾನಿಯೊಬ್ಬರು ತಮ್ಮ ಸರ್ಕಾರ ಉಳಿಸಿಕೊಳ್ಳಲು ಕಪಾಟಿನಲ್ಲಿ ಇಡಬೇಕಾಯಿತು. ಎರಡು ದಿನಗಳ ಬಳಿಕ ಅವರ ವಿರುದ್ಧ ಬಂದ ಅವಿಶ್ವಾಸ ನಿರ್ಣಯಕ್ಕೆ 271 ಮತಗಳು ಬಿದ್ದವು. ಸರ್ಕಾರ ಉರುಳಲು 289 ಬೇಕಿತ್ತು. ಪಿಂಚಣಿ ಕಾನೂನು ಕಪಾಟು ಸೇರಿತು, ಸರ್ಕಾರ ಉಳಿಯಿತು.

ಸರ್ಕಾರಗಳು ಇಂದು ಎದುರಿಸುತ್ತಿರುವ ಸವಾಲುಗಳ ಬಗ್ಗೆ ಮಾತು ಬಂದಾಗಲೆಲ್ಲ ಸಾಲ, ಮುಪ್ಪಾಗುತ್ತಿರುವ ಜನಸಂಖ್ಯೆ, ವಲಸೆ, ಬೆಲೆಯೇರಿಕೆ ಎಂಬ ಪಟ್ಟಿ ಬರುತ್ತದೆ. ಪಟ್ಟಿ ಸುಳ್ಳಲ್ಲ. ಆದರೆ ಸಮಸ್ಯೆಗಳು ಕಠಿಣವಾಗಿರುವುದರಿಂದಲೇ ಸರ್ಕಾರಗಳು ಕುಸಿಯುತ್ತಿವೆ ಎಂಬ ವಿವರಣೆ ನನಗೆ ಸಾಕೆನಿಸುವುದಿಲ್ಲ. ಏನು ಮಾಡಬೇಕೆಂಬುದು ಬಹುಪಾಲು ಆಡಳಿತಗಳಿಗೆ ಗೊತ್ತಿದೆ, ಅದನ್ನು ಮಾಡುವ ಕಾನೂನಿನ ಬಲವೂ ಅವರ ಕೈಯಲ್ಲಿದೆ. ಇಲ್ಲದಿರುವುದು ಭಾರ ಹೊರಬೇಕಾದವರ ಒಪ್ಪಿಗೆ. ಆ ಒಪ್ಪಿಗೆಯನ್ನು ಗಳಿಸುವ ನಿಧಾನದ ಕೆಲಸವನ್ನು ಬಿಟ್ಟು, ಕಾನೂನಿನ ಬಲದಿಂದ ಅದರ ಕೊರತೆಯನ್ನು ತುಂಬಿಕೊಳ್ಳಲು ಹೊರಟ ಕಡೆಗಳಲ್ಲೆಲ್ಲ ನಿರ್ಧಾರ ಮುಗಿಯದೆ ಉಳಿದಿದೆ. ಇದನ್ನು ಫ್ರಾನ್ಸಿನ ಪಿಂಚಣಿ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದಿಲ್ಲ.

ಫ್ರಾನ್ಸಿನ ಪಿಂಚಣಿ ವ್ಯವಸ್ಥೆ ಎರಡನೇ ಮಹಾಯುದ್ಧ ಮುಗಿದಾಗ, 1945ರಲ್ಲಿ ರೂಪುಗೊಂಡ ಸಾಮಾಜಿಕ ಭದ್ರತಾ ವ್ಯವಸ್ಥೆಯ ಭಾಗ. ಅಲ್ಲಿ ನೌಕರನ ವಂತಿಗೆ ಅವನ ಹೆಸರಿನ ಖಾತೆಯಲ್ಲಿ ಕೂಡಿಡಲ್ಪಡುವುದಿಲ್ಲ. ಇಂದು ದುಡಿಯುವವರ ಸಂಬಳದಿಂದ ಕಡಿತವಾದ ಹಣ ಇಂದಿನ ನಿವೃತ್ತರಿಗೇ ಹೋಗುತ್ತದೆ. ನಾಳೆ ಅವರು ನಿವೃತ್ತರಾದಾಗ ಆಗ ದುಡಿಯುತ್ತಿರುವವರು ಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ದುಡಿಯುವ ಕೈ ಹೆಚ್ಚಿ ಉಣ್ಣುವ ಬಾಯಿ ಕಡಿಮೆ ಇದ್ದ ಕಾಲದಲ್ಲಿ ಇದು ಸುಲಭವಾಗಿ ನಡೆಯಿತು. 1960ರ ಸುಮಾರಿಗೆ ಒಬ್ಬ ನಿವೃತ್ತನಿಗೆ ನಾಲ್ವರು ವಂತಿಗೆ ಕಟ್ಟುವವರಿದ್ದರು. ಈಗ ಆ ಪ್ರಮಾಣ ಸುಮಾರು 1.7ಕ್ಕೆ ಇಳಿದಿದೆ. ದೇಶದ ಒಟ್ಟು ಉತ್ಪನ್ನದ ಶೇ 14ರಷ್ಟು ಪಿಂಚಣಿಗೇ ಹೋಗುತ್ತದೆ. ಹಾಗಾಗಿ ಏನಾದರೂ ಬದಲಾಗಬೇಕು ಎಂಬ ಸರ್ಕಾರದ ವಾದವನ್ನು ಬರೀ ನೆಪವೆಂದು ತಳ್ಳಿಹಾಕಲಾಗದು. ವಂತಿಗೆ ಹೆಚ್ಚಿಸಬೇಕು, ಪಿಂಚಣಿ ಇಳಿಸಬೇಕು ಅಥವಾ ಹೆಚ್ಚು ಕಾಲ ದುಡಿಸಬೇಕು. ಸಾಲ ಮಾಡುವುದನ್ನು ಬಿಟ್ಟರೆ ಇರುವ ದಾರಿಗಳು ಈ ಮೂರೇ. ಯಾವ ದಾರಿ ಹಿಡಿದರೂ ಯಾರೋ ಒಬ್ಬರ ಜೇಬಿಗೆ ಅಥವಾ ಆಯುಷ್ಯಕ್ಕೆ ಕೈ ಹಾಕಬೇಕಾಗುತ್ತದೆ.

ಈ ಪ್ರಶ್ನೆಗೆ ಅಲ್ಲಿ ಒಂದು ನೆನಪಿನ ಭಾರವೂ ಇದೆ. ಫ್ರಾಂಸ್ವಾ ಮಿತ್ತೆರಾಂ ಅವರ ಸಮಾಜವಾದಿ ಸರ್ಕಾರ 1982ರಲ್ಲಿ ನಿವೃತ್ತಿ ವಯಸ್ಸನ್ನು 65ರಿಂದ 60ಕ್ಕೆ ಇಳಿಸಲು ನಿರ್ಧರಿಸಿದಾಗ, ಕಾರ್ಖಾನೆಗಳಲ್ಲಿ ಹದಿಹರೆಯದಿಂದಲೇ ದುಡಿದ ಒಂದು ಇಡೀ ತಲೆಮಾರಿಗೆ ಅದು ಬದುಕಿನ ಕೊನೆಯ ಭಾಗವನ್ನು ಮರಳಿ ಕೊಟ್ಟಂತಾಗಿತ್ತು. ಅಂದಿನಿಂದ ಆ ವಯಸ್ಸನ್ನು ಮುಟ್ಟಲು ಹೋದ ಪ್ರತಿ ಸರ್ಕಾರವೂ ಕೈ ಸುಟ್ಟುಕೊಂಡಿದೆ. 1995ರಲ್ಲಿ ಪ್ರಧಾನಿ ಅಲೇನ್ ಜುಪ್ಪೆ ಅವರು ರೈಲ್ವೆಯಂಥ ಸಾರ್ವಜನಿಕ ಉದ್ಯಮಗಳ ವಿಶೇಷ ಪಿಂಚಣಿಗಳನ್ನು ತಿದ್ದಲು ಹೊರಟಾಗ ಸುಮಾರು ಮೂರು ವಾರ ದೇಶ ಸ್ತಬ್ಧವಾಯಿತು, ಆ ಭಾಗವನ್ನು ಹಿಂತೆಗೆದುಕೊಳ್ಳಬೇಕಾಯಿತು. 2010ರಲ್ಲಿ ಅಧ್ಯಕ್ಷ ನಿಕೊಲಾ ಸರ್ಕೋಜಿ 60ನ್ನು 62ಕ್ಕೆ ಏರಿಸುವಲ್ಲಿ ಗೆದ್ದರು, ಆದರೆ 2012ರ ಚುನಾವಣೆಯಲ್ಲಿ ಸೋತರು. ಸ್ವತಃ ಮ್ಯಾಕ್ರನ್ ಅವರು ತಮ್ಮ ಮೊದಲ ಅವಧಿಯಲ್ಲಿ ಕಟ್ಟಿದ ವಂತಿಗೆಗೆ ತಕ್ಕ ಅಂಕಗಳಿಂದ ಪಿಂಚಣಿ ನಿಗದಿಯಾಗುವ ಒಂದೇ ಪದ್ಧತಿಯನ್ನು ಎಲ್ಲರಿಗೂ ತರಲು ಪ್ರಯತ್ನಿಸಿ, 2019ರ ಡಿಸೆಂಬರ್‌ನಿಂದ ದೀರ್ಘ ಮುಷ್ಕರ ಎದುರಿಸಿ, 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಅದನ್ನು ಕೈಬಿಟ್ಟಿದ್ದರು.

2022ರ ಏಪ್ರಿಲ್‌ನಲ್ಲಿ ಮ್ಯಾಕ್ರನ್ ಎರಡನೇ ಬಾರಿ ಗೆದ್ದರು. ನಿವೃತ್ತಿ ವಯಸ್ಸು ಏರಿಸುವುದಾಗಿ ಪ್ರಚಾರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು, ಶೇ 58ಕ್ಕೂ ಹೆಚ್ಚು ಮತ ಪಡೆದರು. ಹಾಗಿದ್ದ ಮೇಲೆ ಜನಾದೇಶ ಸಿಕ್ಕಂತಲ್ಲವೇ ಎಂಬುದು ಅವರ ವಾದವಾಗಿತ್ತು. ಆದರೆ ಅಂತಿಮ ಸುತ್ತಿನಲ್ಲಿ ಎದುರಿಗಿದ್ದವರು ಕಟು ಬಲಪಂಥದ ಮರೀನ್ ಲ ಪೆನ್; ಎಡಪಂಥದ ಅಸಂಖ್ಯ ಮತದಾರರು ಆಕೆಯನ್ನು ತಡೆಯಲೆಂದೇ ಮ್ಯಾಕ್ರನ್‌ಗೆ ಮತ ಹಾಕಿದ್ದರು. ಗೆದ್ದ ರಾತ್ರಿಯ ಭಾಷಣದಲ್ಲಿ ಮ್ಯಾಕ್ರನ್ ಅವರೇ ಅದನ್ನು ಒಪ್ಪಿಕೊಂಡಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಅದೇ ಮತದಾರರು ಅವರ ಬಹುಮತವನ್ನು ಕಿತ್ತುಕೊಂಡರು. ಒಬ್ಬರನ್ನು ತಡೆಯಲು ಬಿದ್ದ ಮತವನ್ನು ತನ್ನ ಕಾರ್ಯಕ್ರಮಕ್ಕೆ ಬಿದ್ದ ಮತವೆಂದು ಎಣಿಸಿದ್ದರಲ್ಲೇ ಮುಂದಿನ ಎಲ್ಲ ತೊಂದರೆಗಳ ಬೇರಿದೆ ಎಂದು ನನಗೆ ಅನಿಸುತ್ತದೆ. ಇದು ಫ್ರಾನ್ಸಿಗೆ ಮಾತ್ರ ಸೇರಿದ ತಪ್ಪೂ ಅಲ್ಲ. ಮತದಾರರು ಯಾರನ್ನು ಬೇಡವೆಂದರೋ ಅದರಿಂದ ಗೆದ್ದ ಸರ್ಕಾರಗಳು, ತಮಗೆ ಬೇಕಾದುದನ್ನೆಲ್ಲ ಮಾಡಲು ಅಪ್ಪಣೆ ಸಿಕ್ಕಿತೆಂದು ಭಾವಿಸುವುದನ್ನು ಎಲ್ಲ ಕಡೆ ಕಾಣುತ್ತೇವೆ.

2023ರ ಜನವರಿ 10ರಂದು ಪ್ರಧಾನಿ ಎಲಿಜಬೆತ್ ಬೋರ್ನ್ ಯೋಜನೆಯನ್ನು ಪ್ರಕಟಿಸಿದರು. ನಿವೃತ್ತಿ ವಯಸ್ಸು ವರ್ಷಕ್ಕೆ ಮೂರು ತಿಂಗಳಂತೆ ಏರುತ್ತ 2030ಕ್ಕೆ 64 ಮುಟ್ಟಬೇಕು. ಪೂರ್ಣ ಪಿಂಚಣಿಗೆ 43 ವರ್ಷ ವಂತಿಗೆ ಕಟ್ಟಿರಬೇಕೆಂಬ ನಿಯಮ 2035ರ ಬದಲು 2027ಕ್ಕೇ ಬರಬೇಕು. ಅಂಕಿಗಳ ಮೇಲೆ ನೋಡಿದರೆ ಎರಡು ವರ್ಷ ದೊಡ್ಡದಲ್ಲ; ಜರ್ಮನಿಯಲ್ಲಿ ವಯಸ್ಸು 67ಕ್ಕೆ ಏರುತ್ತಿದೆ. ಆದರೆ ಆ ಎರಡು ವರ್ಷ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. 24ನೇ ವಯಸ್ಸಿಗೆ ಓದು ಮುಗಿಸಿ ಕಚೇರಿ ಸೇರಿದವನು 43 ವರ್ಷ ತುಂಬಿಸಲು ಹೇಗೂ 67ರವರೆಗೆ ದುಡಿಯಬೇಕು, ಅವನಿಗೆ 64ರ ಗಡಿ ತಾಗುವುದೇ ಇಲ್ಲ. ಇಪ್ಪತ್ತಕ್ಕೇ ಕೆಲಸಕ್ಕೆ ಸೇರಿದ ಗಾರೆಯವನಿಗೆ, ಆಸ್ಪತ್ರೆಯ ದಾದಿಗೆ, ಉಗ್ರಾಣದಲ್ಲಿ ಪೆಟ್ಟಿಗೆ ಎತ್ತುವವನಿಗೆ ಅದು ಮೈಮೇಲೆ ಬೀಳುವ ಹೊರೆ. ಮಕ್ಕಳಿಗಾಗಿ ಕೆಲಸ ಬಿಟ್ಟು ಮರಳಿ ಸೇರಿದ ಹೆಣ್ಣುಮಕ್ಕಳಿಗೆ ಈ ಯೋಜನೆಯಿಂದ ಒಂದಿಷ್ಟು ಪೆಟ್ಟು ಬೀಳುತ್ತದೆಂದು ಸರ್ಕಾರದ ಸಚಿವರೊಬ್ಬರೇ ಒಪ್ಪಿಕೊಂಡರು. ಕನಿಷ್ಠ ಪಿಂಚಣಿ 1,200 ಯೂರೊ ಆಗುತ್ತದೆ ಎಂದು ಮತ್ತೆ ಮತ್ತೆ ಸಾರಿದ ಸರ್ಕಾರ, ಅಷ್ಟು ಸಿಗುವುದು ಎಷ್ಟು ಜನರಿಗೆ ಎಂಬ ಪ್ರಶ್ನೆ ಎದ್ದಾಗ ಸಂಖ್ಯೆಯನ್ನು ಇಳಿಸುತ್ತಲೇ ಹೋಗಬೇಕಾಯಿತು. ಕಹಿ ಔಷಧವನ್ನು ಕಹಿಯೆಂದೇ ಹೇಳಿ ಕೊಟ್ಟಿದ್ದರೆ ಕೆಲವರಾದರೂ ನುಂಗುತ್ತಿದ್ದರು. ಸಿಹಿಯೆಂದು ಹೇಳಿ ಕೊಟ್ಟದ್ದರಿಂದ ಉಳಿದ ಮಾತುಗಳನ್ನೂ ಜನ ನಂಬದಾದರು.

ಎಂಟು ಪ್ರಮುಖ ಕಾರ್ಮಿಕ ಸಂಘಟನೆಗಳು 2010ರ ನಂತರ ಮೊದಲ ಬಾರಿ ಒಟ್ಟಾದವು. ಮಾರ್ಚ್ 7ರ ಮೆರವಣಿಗೆಗಳಲ್ಲಿ ಗೃಹ ಸಚಿವಾಲಯದ ಲೆಕ್ಕದಂತೆಯೇ ಸುಮಾರು 12.8 ಲಕ್ಷ ಜನರಿದ್ದರು. ಪ್ಯಾರಿಸ್ಸಿನ ಪೌರಕಾರ್ಮಿಕರು ಕೆಲಸ ನಿಲ್ಲಿಸಿದ್ದರಿಂದ ಬೀದಿಗಳಲ್ಲಿ ಕಸದ ರಾಶಿಗಳು ಬೆಳೆದವು. ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್ ಅವರ ಭೇಟಿಯನ್ನೇ ಮುಂದೂಡಬೇಕಾಯಿತು. ಆದರೂ ಸರ್ಕಾರದ ಗಮನವೆಲ್ಲ ಸಂಸತ್ತಿನ ನಿಯಮಗಳ ಮೇಲಿತ್ತು, ಬೀದಿಯ ಮೇಲಿರಲಿಲ್ಲ. ಆ ನಿಯಮಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಕಥೆಯ ಕೀಲಿ ಅಲ್ಲೇ ಇದೆ.

ಫ್ರಾನ್ಸಿನ ಈಗಿನ ಸಂವಿಧಾನ 1958ರದು. ಅದಕ್ಕಿಂತ ಹಿಂದಿನ ಗಣರಾಜ್ಯದಲ್ಲಿ ಸರ್ಕಾರಗಳು ತಿಂಗಳುಗಳ ಲೆಕ್ಕದಲ್ಲಿ ಬಿದ್ದು ಏಳುತ್ತಿದ್ದುದನ್ನು ಕಂಡು ರೋಸಿದ್ದ ಶಾರ್ಲ್ ದ ಗಾಲ್ ಮತ್ತು ಅವರ ಸಂಗಡಿಗರು, ಸರ್ಕಾರದ ಕೈಗೆ ಗಟ್ಟಿ ಆಯುಧಗಳನ್ನು ಕೊಟ್ಟರು. ಅದರಲ್ಲಿ ಪ್ರಬಲವಾದುದು 49ನೇ ವಿಧಿಯ 3ನೇ ಖಂಡ, ಚಿಕ್ಕದಾಗಿ 49.3. ಪ್ರಧಾನಿ ಅದನ್ನು ಬಳಸಿದರೆ ಮಸೂದೆಯನ್ನು ಮತಕ್ಕೆ ಹಾಕುವ ಅಗತ್ಯವಿಲ್ಲ. ಸದನ ಅವಿಶ್ವಾಸ ನಿರ್ಣಯ ತಂದು ಸರ್ಕಾರವನ್ನು ಬೀಳಿಸದಿದ್ದರೆ ಮಸೂದೆ ಅಂಗೀಕಾರವಾಯಿತೆಂದೇ ಅರ್ಥ. ಮಸೂದೆಯ ಪರವಾಗಿ ಬಹುಮತವಿದೆಯೇ ಎಂಬ ಪ್ರಶ್ನೆಯನ್ನು ಅದು ಸರ್ಕಾರವನ್ನು ಉರುಳಿಸಲು ಬಹುಮತವಿದೆಯೇ ಎಂಬ ಪ್ರಶ್ನೆಯಾಗಿ ಮಾರ್ಪಡಿಸುತ್ತದೆ. 1988ರಿಂದ 1991ರವರೆಗೆ ಪ್ರಧಾನಿಯಾಗಿದ್ದ ಸಮಾಜವಾದಿ ಮಿಷೆಲ್ ರೊಕಾರ್ ಇದನ್ನು 28 ಬಾರಿ ಬಳಸಿದ್ದರು, ಆದ್ದರಿಂದ ಇದು ಒಂದೇ ಪಕ್ಷದ ಚಾಳಿಯಲ್ಲ. ಅತಿಬಳಕೆ ತಡೆಯಲೆಂದು 2008ರ ತಿದ್ದುಪಡಿ ಇದನ್ನು ಆಯವ್ಯಯ ಮತ್ತು ಸಾಮಾಜಿಕ ಭದ್ರತೆಯ ಹಣಕಾಸು ಮಸೂದೆಗಳಿಗೆ, ಜೊತೆಗೆ ಒಂದು ಅಧಿವೇಶನದಲ್ಲಿ ಬೇರೊಂದೇ ಮಸೂದೆಗೆ ಸೀಮಿತಗೊಳಿಸಿತು. ಬೋರ್ನ್ ಸರ್ಕಾರ ಹಿಡಿದ ಉಪಾಯ ಇದು: ದೇಶದ ಪ್ರತಿಯೊಬ್ಬ ದುಡಿಯುವವನ ಬದುಕನ್ನು ತಟ್ಟುವ ಸುಧಾರಣೆಯನ್ನು ಸ್ವತಂತ್ರ ಮಸೂದೆಯಾಗಿ ತರದೆ, ಸಾಮಾಜಿಕ ಭದ್ರತೆಯ ಆಯವ್ಯಯಕ್ಕೆ ಪೂರಕ ತಿದ್ದುಪಡಿಯ ರೂಪದಲ್ಲಿ ತಂದಿತು. ಹಾಗೆ ತಂದರೆ ಚರ್ಚೆಗೆ 50 ದಿನಗಳ ಗಡುವು ತಾನಾಗಿ ಅನ್ವಯಿಸುತ್ತದೆ, 49.3ರ ಬಳಕೆಗೂ ಅಡ್ಡಿಯಿರುವುದಿಲ್ಲ. ವಿರೋಧ ಪಕ್ಷಗಳು ಸಾವಿರಾರು ತಿದ್ದುಪಡಿಗಳನ್ನು ಸುರಿದು ಕಾಲಹರಣ ಮಾಡಿದವು ಎಂಬುದೂ ನಿಜ. 64ರ ಗಡಿಯನ್ನು ಹೇಳುವ ಕಲಮಿನ ಮೇಲೆ ಕೆಳಮನೆಯಲ್ಲಿ ಮತದಾನವೇ ನಡೆಯಲಿಲ್ಲ.

ಮಾರ್ಚ್ 16ರಂದು ಮತದಾನಕ್ಕೆ ಕೆಲವೇ ನಿಮಿಷಗಳಿರುವಾಗ, ಬಲಪಂಥದ ಮಿತ್ರರ ಬೆಂಬಲ ಖಚಿತವಿಲ್ಲವೆಂದು ಕಂಡು, ಸರ್ಕಾರ 49.3ನ್ನು ಎತ್ತಿಕೊಂಡಿತು. ಎಡಪಂಥದ ಸದಸ್ಯರು ರಾಷ್ಟ್ರಗೀತೆ ಹಾಡುತ್ತಿರುವಾಗಲೇ ಬೋರ್ನ್ ತಮ್ಮ ಹೇಳಿಕೆ ಓದಬೇಕಾಯಿತು. ನಾಲ್ಕು ದಿನಗಳ ನಂತರದ ಅವಿಶ್ವಾಸ ನಿರ್ಣಯಕ್ಕೆ 278 ಮತ ಬಿದ್ದವು, ಬೇಕಿದ್ದುದು 287. ಒಂಬತ್ತು ಮತಗಳ ಅಂತರದಲ್ಲಿ ಕಾನೂನು ಬದುಕಿಕೊಂಡಿತು. ಏಪ್ರಿಲ್ 14ರಂದು ಸಂವಿಧಾನ ಮಂಡಳಿ ಅದರ ಮುಖ್ಯ ಭಾಗಗಳನ್ನು ಎತ್ತಿಹಿಡಿಯಿತು, ಅದೇ ರಾತ್ರಿ ಮ್ಯಾಕ್ರನ್ ಸಹಿ ಹಾಕಿದರು. ಕಾನೂನಿನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿತ್ತು. ಮೂರು ತಿಂಗಳು ಶಾಂತವಾಗಿ ಮೆರವಣಿಗೆ ನಡೆಸಿದ ಜನರಿಗೆ ಮಾತ್ರ, ತಮ್ಮ ಪ್ರತಿನಿಧಿಗಳಿಗೆ ಬೇಕು ಅಥವಾ ಬೇಡ ಎನ್ನುವ ಅವಕಾಶವನ್ನೂ ಕೊಡಲಿಲ್ಲವಲ್ಲ ಎಂಬ ನೋವು ಉಳಿಯಿತು. ಆ ನೋವನ್ನು ಅರ್ಥ ಮಾಡಿಕೊಳ್ಳದೆ ಮುಂದಿನ ಘಟನೆಗಳನ್ನು ಬರೀ ಪಕ್ಷಗಳ ಕಿತ್ತಾಟವೆಂದು ಓದುವವರು ಅರ್ಧ ಕಥೆಯನ್ನಷ್ಟೇ ಓದುತ್ತಾರೆ.

ಮುಂದೆ ಆದದ್ದು ಬೇಗ ಹೇಳಿ ಮುಗಿಸಬಹುದಾದ ಸಾಲು ಸಾಲು ಕುಸಿತಗಳು. 2024ರ ಜೂನ್ 9ರ ಐರೋಪ್ಯ ಚುನಾವಣೆಯಲ್ಲಿ ಲ ಪೆನ್ ಅವರ ಪಕ್ಷ ಶೇ 31ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದಾಗ ಮ್ಯಾಕ್ರನ್ ಅದೇ ರಾತ್ರಿ ಸಂಸತ್ತನ್ನು ವಿಸರ್ಜಿಸಿದರು. ಜುಲೈನಲ್ಲಿ ಬಂದದ್ದು ಎಡ, ನಡು, ಕಟು ಬಲ ಎಂದು ಮೂರು ಪಾಲಾದ ಅತಂತ್ರ ಸದನ. ಸೆಪ್ಟೆಂಬರ್‌ನಲ್ಲಿ ಪ್ರಧಾನಿಯಾದ ಮಿಷೆಲ್ ಬಾರ್ನಿಯೆ ಸಾಮಾಜಿಕ ಭದ್ರತೆಯ ಆಯವ್ಯಯಕ್ಕೆ 49.3 ಬಳಸಿದ ಕೂಡಲೇ ಡಿಸೆಂಬರ್ 4ರಂದು 331 ಮತಗಳಿಂದ ಉರುಳಿದರು. 1962ರ ನಂತರ ಅವಿಶ್ವಾಸ ನಿರ್ಣಯದಿಂದ ಬಿದ್ದ ಮೊದಲ ಸರ್ಕಾರ ಅದು. ನಂತರ ಬಂದ ಫ್ರಾಂಸ್ವಾ ಬೈರೂ, ಪಿಂಚಣಿಯ ಬಗ್ಗೆ ಕಾರ್ಮಿಕ ಸಂಘಟನೆಗಳು ಮತ್ತು ಉದ್ಯಮಪತಿಗಳೇ ಕೂತು ಮಾತಾಡಲಿ ಎಂದು ಅವಕಾಶ ಕೊಟ್ಟರು, ಅದು 2025ರ ಜೂನ್‌ನಲ್ಲಿ ಮುರಿದುಬಿತ್ತು. ಎರಡು ಸಾರ್ವಜನಿಕ ರಜೆಗಳ ರದ್ದತಿಯೂ ಸೇರಿದಂತೆ ಸುಮಾರು 4,400 ಕೋಟಿ ಯೂರೊಗಳ ಉಳಿತಾಯ ಯೋಜನೆ ಮುಂದಿಟ್ಟು ತಾವಾಗಿಯೇ ವಿಶ್ವಾಸಮತ ಕೇಳಿದರು. ಸೆಪ್ಟೆಂಬರ್ 8ರಂದು 364 ಮತಗಳು ಅವರ ವಿರುದ್ಧ, 194 ಪರ. ಲೆಕೋರ್ನು ಅವರ ಮೊದಲ ಸಚಿವ ಸಂಪುಟ ಒಂದು ಹಗಲೂ ಪೂರ್ತಿ ಬಾಳದೆ ಅಕ್ಟೋಬರ್ 6ರಂದು ರಾಜೀನಾಮೆ ಕೊಟ್ಟಿತು. ನಾಲ್ಕು ದಿನಗಳಲ್ಲಿ ಅವರನ್ನೇ ಮತ್ತೆ ನೇಮಿಸಲಾಯಿತು. 49.3ನ್ನು ಬಳಸುವುದಿಲ್ಲವೆಂದು ಅವರು ಆಗಲೇ ಮಾತು ಕೊಟ್ಟಿದ್ದರು. ಸಮಾಜವಾದಿಗಳ ತಟಸ್ಥ ನಿಲುವನ್ನು ಪಡೆಯಲು ಪಿಂಚಣಿ ಕಾನೂನನ್ನೂ ಬಿಟ್ಟುಕೊಟ್ಟರು. ಈ ನಡುವೆ 2024ರ ಆಯವ್ಯಯ ಕೊರತೆ ಒಟ್ಟು ಉತ್ಪನ್ನದ ಶೇ 5.8 ಮುಟ್ಟಿತ್ತು. ಐರೋಪ್ಯ ಒಕ್ಕೂಟದ ಮಿತಿ ಶೇ 3. ಸಾಲದ ಅರ್ಹತೆ ಅಳೆಯುವ ಫಿಚ್ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ದರ್ಜೆಯನ್ನು ಇಳಿಸಿತು, ಅಕ್ಟೋಬರ್‌ನಲ್ಲಿ ಎಸ್ ಅಂಡ್ ಪಿ ಸಂಸ್ಥೆಯೂ ಅದನ್ನೇ ಮಾಡಿತು.

ದುಃಖದ ಸಂಗತಿ ಎಂದರೆ, ಹಣ ಉಳಿಸಲೆಂದು ತಂದ ಸುಧಾರಣೆ ತಂದ ರಾಜಕೀಯ ಅಸ್ಥಿರತೆಯೇ ಹಣ ಉಳಿಸುವ ಬೇರೆ ದಾರಿಗಳನ್ನೂ ಮುಚ್ಚಿಹಾಕಿತು. ಅಸ್ಥಿರತೆಗೆ ಪಿಂಚಣಿಯೊಂದೇ ಕಾರಣವಲ್ಲ. ಸಂಸತ್ತನ್ನು ವಿಸರ್ಜಿಸಿದ ಮ್ಯಾಕ್ರನ್ ಅವರ ನಿರ್ಧಾರ, ಪಕ್ಷಗಳ ಒಡಕು, ವಲಸೆಯ ಬಗೆಗಿನ ಭಯ ಎಲ್ಲವೂ ಸೇರಿವೆ. ಆದರೆ 2023ರ ಮಾರ್ಚ್‌ನಲ್ಲಿ ಮುರಿದ ಮಾತುಕತೆ ಆ ಬಳಿಕ ಕೂಡಿಕೊಳ್ಳಲೇ ಇಲ್ಲ.

ಕೆನ್ಯಾದಲ್ಲಿ ಇದೇ ಕಥೆ ಇನ್ನೂ ಕ್ರೂರ ರೂಪದಲ್ಲಿ ನಡೆಯಿತು. ಅಧ್ಯಕ್ಷ ವಿಲಿಯಂ ರೂಟೊ 2022ರಲ್ಲಿ ಗೆದ್ದದ್ದು ಬೀದಿ ವ್ಯಾಪಾರಿಗಳ, ಕೂಲಿ ಮಾಡುವವರ ಮನುಷ್ಯ ತಾನೆಂಬ ಪ್ರಚಾರದಿಂದ. ಅವರಿಗೆ ಸಿಕ್ಕಿದ್ದು ಹಿಂದಿನವರು ಮಾಡಿಟ್ಟ ದೊಡ್ಡ ಸಾಲ. 2024ರ ಜೂನ್‌ನಲ್ಲಿ 200 ಕೋಟಿ ಡಾಲರ್‌ಗಳ ಬಾಂಡ್ ಒಂದನ್ನೇ ತೀರಿಸಬೇಕಿತ್ತು, ಬರುವ ತೆರಿಗೆಯ ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿತ್ತು, ಅಂತರರಾಷ್ಟ್ರೀಯ ಹಣಕಾಸು ನಿಧಿ ಆದಾಯ ಹೆಚ್ಚಿಸಲು ಒತ್ತಾಯಿಸುತ್ತಿತ್ತು. ಆ ವರ್ಷದ ಹಣಕಾಸು ಮಸೂದೆ ಬ್ರೆಡ್ಡಿನ ಮೇಲೆ ಶೇ 16 ಮೌಲ್ಯವರ್ಧಿತ ತೆರಿಗೆ, ವಾಹನಗಳ ಮೇಲೆ ಅವುಗಳ ಬೆಲೆಯ ಶೇ 2.5 ವಾರ್ಷಿಕ ತೆರಿಗೆ, ಅಡುಗೆ ಎಣ್ಣೆಯ ಮೇಲೆ ಸುಂಕ ಎಂದೆಲ್ಲ ಪಟ್ಟಿ ಮಾಡಿತು. ಹಿಂದಿನ ವರ್ಷವಷ್ಟೇ ಇಂಧನದ ಮೇಲಿನ ತೆರಿಗೆ ಶೇ 8ರಿಂದ 16ಕ್ಕೆ ಏರಿತ್ತು. ಯಾವ ಪಕ್ಷದ, ಯಾವ ಬುಡಕಟ್ಟಿನ ಮುಖಂಡನೂ ಕರೆ ಕೊಡದೆ, ಮೊಬೈಲ್ ಫೋನುಗಳಲ್ಲೇ ಮಸೂದೆಯ ಕಲಮುಗಳನ್ನು ಸ್ಥಳೀಯ ಭಾಷೆಗಳಲ್ಲಿ ವಿವರಿಸಿಕೊಂಡು ಯುವಜನ ಬೀದಿಗೆ ಬಂದರು. ಬೈಬಲ್ಲಿನ ಸುಂಕದವನ ಹೆಸರನ್ನೇ ಅಧ್ಯಕ್ಷರಿಗೆ ಇಟ್ಟು 'ಝಕಾಯೊ' ಎಂದು ಕರೆದರು. ಸರ್ಕಾರ ಜೂನ್ 18ರಂದು ಬ್ರೆಡ್ಡಿನ ಮತ್ತು ವಾಹನಗಳ ತೆರಿಗೆಯನ್ನು ಕೈಬಿಟ್ಟಿತು, ಆದರೆ ಅಷ್ಟರಲ್ಲಿ ಪ್ರಶ್ನೆ ಬ್ರೆಡ್ಡಿನದಾಗಿ ಉಳಿದಿರಲಿಲ್ಲ. ನಮ್ಮ ಅನ್ನದ ಮೇಲೆ ತೆರಿಗೆ ಹಾಕುವವರು ತಮ್ಮ ವೈಭೋಗದಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದಾಗಿತ್ತು. ಜೂನ್ 25ರಂದು ಸಂಸತ್ತು ಮಸೂದೆಯನ್ನು ಅಂಗೀಕರಿಸಿದಾಗ ಜನ ಸಂಸತ್ ಭವನಕ್ಕೆ ನುಗ್ಗಿದರು, ಪೊಲೀಸರು ಗುಂಡು ಹಾರಿಸಿದರು. ಮಾರನೆಯ ದಿನ ರೂಟೊ ಸಹಿ ಹಾಕಲು ನಿರಾಕರಿಸಿದರು. ಆ ಪ್ರತಿಭಟನೆಗಳಲ್ಲಿ ಜುಲೈ ಆರಂಭದ ಹೊತ್ತಿಗೆ 39 ಜನ ಸತ್ತಿದ್ದರೆಂದು ದೇಶದ ಮಾನವ ಹಕ್ಕುಗಳ ಆಯೋಗ ಲೆಕ್ಕ ಹಾಕಿತು.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಅಧ್ಯಕ್ಷರ ಪತ್ನಿಯ ಕಚೇರಿಯ ಅನುದಾನ ನಿಲ್ಲಿಸುವುದು, 47 ಸರ್ಕಾರಿ ನಿಗಮಗಳನ್ನು ವಿಸರ್ಜಿಸುವುದು ಮುಂತಾದ ದುಂದುವೆಚ್ಚದ ಕಡಿತಗಳನ್ನು ರೂಟೊ ಘೋಷಿಸಿದ್ದು ಜುಲೈ 5ರಂದು, ಹೆಣಗಳು ಬಿದ್ದ ಮೇಲೆ. ಅದನ್ನು ಮೇ ತಿಂಗಳಲ್ಲೇ ಮಾಡಿ, ನಂತರ ಜನರೆದುರು ಕೈ ಚಾಚಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ಮನೆಯ ಯಜಮಾನ ಮೊದಲು ತನ್ನ ತಟ್ಟೆಯ ತುತ್ತು ಕಡಿಮೆ ಮಾಡಿಕೊಂಡರೆ ಉಳಿದವರು ಒಪ್ಪುವ ಸಾಧ್ಯತೆ ಇರುತ್ತದೆ ಎಂಬುದು ಕಷ್ಟ ಕಂಡ ಯಾವ ಕುಟುಂಬಕ್ಕೂ ಗೊತ್ತಿರುವ ವಿಷಯ. ಸಾಲ ಮಾತ್ರ ಹಾಗೇ ಉಳಿಯಿತು. ಅದೇ ಡಿಸೆಂಬರ್‌ನಲ್ಲಿ ಬೇರೆ ಹೆಸರಿನ ಕಾನೂನುಗಳ ಮೂಲಕ ಕೆಲವು ತೆರಿಗೆಗಳು ಮರಳಿ ಬಂದವು, ಮರುವರ್ಷದ ಜೂನ್ 25ಕ್ಕೆ ಮತ್ತೆ ಬೀದಿಗಳು ತುಂಬಿದವು, ಮತ್ತೆ ಸಾವುಗಳಾದವು.

ಶ್ರೀಮಂತ ದೇಶ, ಭದ್ರ ಬಹುಮತ, ಸಣ್ಣ ಮೊತ್ತ ಇದ್ದರೂ ಇದೇ ಆಗಬಹುದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. 2024ರ ಜುಲೈನಲ್ಲಿ 400ಕ್ಕೂ ಹೆಚ್ಚು ಸ್ಥಾನ ಗೆದ್ದ ಕೀರ್ ಸ್ಟಾರ್ಮರ್ ಅವರ ಲೇಬರ್ ಸರ್ಕಾರ, ತಿಂಗಳು ತುಂಬುವುದರೊಳಗೆ, ಚುನಾವಣಾ ಪ್ರಣಾಳಿಕೆಯಲ್ಲಿ ಹೇಳದಿದ್ದ ಒಂದು ಕ್ರಮ ಕೈಗೊಂಡಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವೃದ್ಧರಿಗೆ ಕೊಡುತ್ತಿದ್ದ ಸಹಾಯಧನವನ್ನು ಕಡು ಬಡವರಿಗೆ ಮಾತ್ರ ಸೀಮಿತಗೊಳಿಸಿತು. ಸುಮಾರು ಒಂದು ಕೋಟಿ ವೃದ್ಧರು ಅದನ್ನು ಕಳೆದುಕೊಂಡರು. ಸಿರಿವಂತ ವೃದ್ಧರಿಗೆ ಆ ಹಣ ಏಕೆ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಗೆರೆಯನ್ನು ತೀರಾ ಕೆಳಗೆ ಎಳೆದಿದ್ದರಿಂದ, ಸಹಾಯಕ್ಕೆ ಅರ್ಹತೆ ತಪ್ಪುವಷ್ಟೇ ಆದಾಯವಿದ್ದ ಮುದುಕ ಮುದುಕಿಯರು ನೊಂದರು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಪಕ್ಷಕ್ಕೆ ದೊಡ್ಡ ಹೊಡೆತ ಬಿದ್ದ ಮೇಲೆ, ಜೂನ್‌ನಲ್ಲಿ ವಾರ್ಷಿಕ 35,000 ಪೌಂಡ್‌ವರೆಗೆ ಆದಾಯವಿರುವ ಎಲ್ಲ ವೃದ್ಧರಿಗೂ ಸಹಾಯವನ್ನು ಮರಳಿಸಲಾಯಿತು. ಉಳಿತಾಯ ಬಹುಪಾಲು ಕರಗಿತು, ಹೋದ ವಿಶ್ವಾಸ ಬರಲಿಲ್ಲ.

ಹಾಗಾದರೆ ಕಷ್ಟದ ನಿರ್ಧಾರಗಳು ಪ್ರಜಾಪ್ರಭುತ್ವದಲ್ಲಿ ಸಾಧ್ಯವೇ ಇಲ್ಲವೇ? ಸಾಧ್ಯ ಎಂಬುದಕ್ಕೆ ಅದೇ ಪಿಂಚಣಿಯ ವಿಷಯದಲ್ಲಿ, ಅದೇ 64ರ ಅಂಕಿಯಲ್ಲಿ ಸ್ವೀಡನ್ನಿನ ಉದಾಹರಣೆಯಿದೆ. ಅಲ್ಲಿ 1991ರಲ್ಲಿ ಸಂಸತ್ತಿನ ಪಕ್ಷಗಳ ಪ್ರತಿನಿಧಿಗಳ ತಂಡವೊಂದು ಕೂತಿತು. ಎಡದ ಸೋಷಿಯಲ್ ಡೆಮಾಕ್ರಟರು ಮತ್ತು ಬಲದ ನಾಲ್ಕು ಪಕ್ಷಗಳು ಒಂದು ಮಟ್ಟದ ಒಪ್ಪಂದಕ್ಕೆ ಬಂದು 1994ರಲ್ಲಿ ತತ್ವಗಳನ್ನು, 1998ರಲ್ಲಿ ಕಾನೂನನ್ನು ಅಂಗೀಕರಿಸಿದವು. ಆ ನಡುವೆ ಸರ್ಕಾರ ಬದಲಾದರೂ ಒಪ್ಪಂದ ಬದಲಾಗಲಿಲ್ಲ. ವ್ಯವಸ್ಥೆಯ ಆಸ್ತಿಗಿಂತ ಹೊಣೆ ಹೆಚ್ಚಾದರೆ ಪಿಂಚಣಿಯ ಏರಿಕೆ ತಾನಾಗಿ ನಿಧಾನವಾಗುವ ಒಂದು ಬ್ರೇಕನ್ನು ಅವರು ಕಾನೂನಿನಲ್ಲೇ ಇಟ್ಟರು. ಜಾಗತಿಕ ಆರ್ಥಿಕ ಕುಸಿತದ ನಂತರ 2010ರಲ್ಲಿ ಅದು ನಿಜವಾಗಿ ಬಿತ್ತು, ಪಿಂಚಣಿಗಳು ಇಳಿದವು, ವ್ಯವಸ್ಥೆ ಉರುಳಲಿಲ್ಲ. ಪಿಂಚಣಿ ಪಡೆಯಬಹುದಾದ ಕನಿಷ್ಠ ವಯಸ್ಸು 61ರಿಂದ 2020ರಲ್ಲಿ 62ಕ್ಕೆ, 2023ರಲ್ಲಿ 63ಕ್ಕೆ, 2026ರಲ್ಲಿ 64ಕ್ಕೆ ಏರಿದೆ. ಫ್ರಾನ್ಸಿನಲ್ಲಿ ಸರ್ಕಾರಗಳನ್ನು ಅಲುಗಾಡಿಸಿದ ಅಂಕಿಯನ್ನು ಸ್ವೀಡನ್ ಸದ್ದಿಲ್ಲದೆ ಮುಟ್ಟಿತು. ಅಲ್ಲಿನದು ದೋಷವಿಲ್ಲದ ವ್ಯವಸ್ಥೆಯೆಂದು ನಾನು ಹೇಳುತ್ತಿಲ್ಲ. ಒಪ್ಪಂದ ರೂಪುಗೊಂಡದ್ದು ಮುಚ್ಚಿದ ಕೋಣೆಯಲ್ಲಿ, ಕಡಿಮೆ ಸಂಬಳದಲ್ಲಿ ದುಡಿದ ಹೆಣ್ಣುಮಕ್ಕಳ ಪಿಂಚಣಿ ಸಾಲದೆಂಬ ದೂರು ಈಗಲೂ ಇದೆ. ಆದರೆ ಅಧಿಕಾರಕ್ಕೆ ಯಾರು ಬಂದರೂ ಈ ಒಪ್ಪಂದಕ್ಕೆ ತಾವೂ ಹೊಣೆ ಎನ್ನುವ ಸ್ಥಿತಿಯಲ್ಲಿ ಎಲ್ಲ ದೊಡ್ಡ ಪಕ್ಷಗಳಿದ್ದವು.

ನೆರೆಯ ಡೆನ್ಮಾರ್ಕ್ ಇನ್ನೂ ಮುಂದೆ ಹೋಗಿದೆ. 2006ರ ಬಹುಪಕ್ಷೀಯ ಒಪ್ಪಂದದಂತೆ ನಿವೃತ್ತಿ ವಯಸ್ಸನ್ನು ಜನರ ಸರಾಸರಿ ಆಯುಷ್ಯಕ್ಕೆ ಕಟ್ಟಿ, 2025ರ ಮೇ ತಿಂಗಳಲ್ಲಿ 81ಕ್ಕೆ 21 ಮತಗಳಿಂದ 2040ಕ್ಕೆ 70 ಎಂದು ತೀರ್ಮಾನಿಸಿತು. ಆದರೆ ಅಲ್ಲಿಯೂ ಮೈಮುರಿದು ದುಡಿದವರ ಅಳಲು ಕೇಳಿಬಂದಾಗ, ಎಳೆಯ ವಯಸ್ಸಿಗೇ ಕೆಲಸಕ್ಕೆ ಸೇರಿದವರು ಬೇಗ ನಿವೃತ್ತರಾಗುವ ಹಕ್ಕನ್ನು 2020ರಲ್ಲಿ ಕಾನೂನಿನಲ್ಲಿ ಸೇರಿಸಿದರು. ವಯಸ್ಸು ಹೀಗೇ ಏರುತ್ತ ಹೋಗಲಾಗದು ಎಂದು ಪ್ರಧಾನಿ ಮೆಟ್ಟೆ ಫ್ರೆಡರಿಕ್ಸನ್ ಅವರೂ ಹೇಳಿದ್ದಾರೆ. ಒಪ್ಪಿಗೆ ಒಮ್ಮೆ ಪಡೆದು ಪೆಟ್ಟಿಗೆಯಲ್ಲಿಡುವ ದಾಖಲೆಯಲ್ಲ, ಕಾಲಕಾಲಕ್ಕೆ ನವೀಕರಿಸಬೇಕಾದದ್ದು ಎಂಬುದನ್ನು ಅವರು ಅರಿತಂತೆ ಕಾಣುತ್ತದೆ.

ಒಪ್ಪಿಗೆಯನ್ನು ತಪ್ಪಿಸಿಕೊಳ್ಳಲು ಸರ್ಕಾರಗಳು ಹಿಡಿಯುವ ಇನ್ನೊಂದು ದಾರಿಯಿದೆ. ಅದನ್ನು ಕನ್ನಡದ ಓದುಗರು ಹತ್ತಿರದಿಂದ ಬಲ್ಲರು. ಇನ್ನೂ ಬಾಯಿ ಇಲ್ಲದವರ ಮೇಲೆ ಭಾರ ಹೊರಿಸುವ ದಾರಿ ಅದು. ಕೇಂದ್ರ ಸರ್ಕಾರ 2004ರ ಜನವರಿ 1ರ ನಂತರ ಸೇವೆಗೆ ಸೇರುವವರಿಗೆ ನಿಶ್ಚಿತ ಪಿಂಚಣಿಯ ಬದಲು ವಂತಿಗೆ ಆಧಾರಿತ ಎನ್‌ಪಿಎಸ್ ತಂದಿತು. ಕರ್ನಾಟಕ ಅದನ್ನು 2006ರ ಏಪ್ರಿಲ್ 1ರಿಂದ ಜಾರಿಗೊಳಿಸಿತು. ಆಗ ಸೇವೆಯಲ್ಲಿದ್ದ ನೌಕರರಿಗೆ ಏನೂ ನಷ್ಟವಿರಲಿಲ್ಲವಾದ್ದರಿಂದ ದೊಡ್ಡ ವಿರೋಧ ಹುಟ್ಟಲಿಲ್ಲ, ನಷ್ಟವಾಗಬೇಕಿದ್ದವರು ಇನ್ನೂ ಕಾಲೇಜಿನಲ್ಲಿದ್ದರು. ಫ್ರಾನ್ಸ್ ಹಿಡಿದ ದಾರಿಗಿಂತ ಇದು ಎಷ್ಟೋ ಸಲೀಸಾಗಿ ಕಂಡಿತು. ಆದರೆ ಎರಡು ದಶಕಗಳಲ್ಲಿ ಅದೇ ಹೊಸ ನೌಕರರು ಶಾಲೆ, ತಾಲ್ಲೂಕು ಕಚೇರಿ, ಆಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಾಗಿ ಬೆಳೆದು ಸಂಘಟಿತರಾದರು. ರಾಜಸ್ಥಾನ, ಹಿಮಾಚಲ ಪ್ರದೇಶದಂಥ ರಾಜ್ಯಗಳು ಹಳೆಯ ಪಿಂಚಣಿಗೆ ಮರಳುವುದಾಗಿ ಸಾರಿದವು. ಕರ್ನಾಟಕದಲ್ಲಿ ಎನ್‌ಪಿಎಸ್ ನೌಕರರ ಹೋರಾಟ ವರ್ಷಗಳಿಂದ ನಡೆದಿದೆ. 2006ರ ಗಡುವಿಗೆ ಮುಂಚೆ ಅಧಿಸೂಚನೆ ಹೊರಟು ನಂತರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯ ಅವಕಾಶವನ್ನು ರಾಜ್ಯ ಸರ್ಕಾರ 2024ರಲ್ಲಿ ಕೊಟ್ಟಿತು. ಕೇಂದ್ರವೂ 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧದಷ್ಟನ್ನು ಖಾತರಿಪಡಿಸುವ ಯುಪಿಎಸ್ ಯೋಜನೆಯನ್ನು 2025ರ ಏಪ್ರಿಲ್‌ನಿಂದ ತರಬೇಕಾಯಿತು. ಸರ್ಕಾರಿ ನೌಕರಿಯಿಲ್ಲದ ಕೋಟ್ಯಂತರ ದುಡಿಯುವವರಿಗೆ ಈ ಯಾವ ಪಿಂಚಣಿಯೂ ಇಲ್ಲವೆಂಬ ದೊಡ್ಡ ಪ್ರಶ್ನೆ ಈ ಜಗಳದಲ್ಲಿ ಬದಿಗೆ ಸರಿದಿದೆ.

ಚಿಲಿ ಈ ದಾರಿಯ ಕಟ್ಟಕಡೆಯ ಉದಾಹರಣೆ. ಪಿನೊಚೆಟ್‌ನ ಸರ್ವಾಧಿಕಾರ 1981ರಲ್ಲಿ ಯಾರನ್ನೂ ಕೇಳದೆ ಪಿಂಚಣಿಯನ್ನು ಖಾಸಗಿ ನಿಧಿಗಳಿಗೆ ಒಪ್ಪಿಸಿತು. ಸೈನಿಕರಿಗೆ ಮಾತ್ರ ಹಳೆಯ ವ್ಯವಸ್ಥೆಯನ್ನೇ ಉಳಿಸಿಕೊಂಡಿತು. ಆ ನಿಧಿಗಳಿಂದ ಕೈಗೆ ಬಂದ ಅಲ್ಪ ಪಿಂಚಣಿ, 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ದರದ 30 ಪೆಸೊ ಏರಿಕೆಯಿಂದ ಹೊತ್ತಿಕೊಂಡ ದಂಗೆಗೆ ಮುಖ್ಯ ಇಂಧನಗಳಲ್ಲೊಂದಾಗಿತ್ತು. ಸಮಸ್ಯೆ 30 ಪೆಸೊಗಳದಲ್ಲ, 30 ವರ್ಷಗಳದು ಎಂದು ಜನ ಬರೆದರು. ಕೊನೆಗೆ ಸಂಸತ್ತಿನಲ್ಲಿ ಬಹುಮತವಿಲ್ಲದ ಗೇಬ್ರಿಯಲ್ ಬೋರಿಕ್ ಸರ್ಕಾರ, ಖಾಸಗಿ ನಿಧಿಗಳನ್ನು ರದ್ದು ಮಾಡುವ ತನ್ನ ಮೂಲ ಆಸೆಯನ್ನು ಬಿಟ್ಟು, ಬಲಪಂಥದೊಡನೆ ಚೌಕಾಶಿ ಮಾಡಿ, ಮಾಲೀಕರ ವಂತಿಗೆಯನ್ನು ಹಂತಹಂತವಾಗಿ ಶೇ 8.5ಕ್ಕೆ ಏರಿಸುವ ಸುಧಾರಣೆಗೆ 2025ರ ಜನವರಿಯಲ್ಲಿ ಅಂಗೀಕಾರ ಪಡೆಯಿತು. ಬಹುಮತವಿಲ್ಲದಿರುವುದು ಎಲ್ಲ ಸಲವೂ ಸರ್ಕಾರಕ್ಕೆ ಶಾಪವಲ್ಲ. ಅದು ಮಾತಾಡಲೇಬೇಕಾದ ಅನಿವಾರ್ಯತೆಯನ್ನೂ ತರುತ್ತದೆ. ಮ್ಯಾಕ್ರನ್ ಅವರ ಎದುರು 2022ರಲ್ಲಿ ಇದೇ ಅನಿವಾರ್ಯತೆ ಬಂದು ನಿಂತಿತ್ತು. 49.3 ಎಂಬ ಆಯುಧ ಕೈಯಲ್ಲಿರದಿದ್ದರೆ ಅವರ ಸರ್ಕಾರ ವಿರೋಧಿಗಳೊಡನೆ ಮೇಜಿನ ಮುಂದೆ ಕೂರಬೇಕಾಗುತ್ತಿತ್ತು. 63 ವರ್ಷದಂಥ ನಡುದಾರಿ, ಕಾಯಕಷ್ಟದ ಕೆಲಸಗಳಿಗೆ ವಿನಾಯಿತಿ, ದೊಡ್ಡ ಸಂಪತ್ತಿನ ಮೇಲೆ ಒಂದಿಷ್ಟು ತೆರಿಗೆ ಎಂದು ಏನಾದರೊಂದು ರಾಜಿಗೆ ಬರಬೇಕಾಗುತ್ತಿತ್ತು. ಸಿಗುವ ಉಳಿತಾಯ ಕಡಿಮೆಯಿರುತ್ತಿತ್ತು, ಆದರೆ ಅದು ಉಳಿಯುತ್ತಿತ್ತು.

2025ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಸಂಸತ್ತು ಪಿಂಚಣಿ ಕಾನೂನಿನ ತಡೆಯನ್ನು ಒಳಗೊಂಡ ಸಾಮಾಜಿಕ ಭದ್ರತೆಯ ಆಯವ್ಯಯವನ್ನು, ಈ ಬಾರಿ ಮತ ಹಾಕಿಯೇ, ಅಂಗೀಕರಿಸಿತು. ಕಾನೂನು ರದ್ದಾಗಿಲ್ಲ, 2028ರ ಜನವರಿಯವರೆಗೆ ನಿಂತಿದೆ ಅಷ್ಟೆ. 1964ರಲ್ಲಿ ಹುಟ್ಟಿದವರು 63ರ ಬದಲು 62 ವರ್ಷ 9 ತಿಂಗಳಿಗೆ ನಿವೃತ್ತರಾಗಬಹುದು. ಅವರಿಗಿಂತ ಹತ್ತು ವರ್ಷ ಕಿರಿಯರಾದ, ಇಂದು ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಪಾಳಿ ಮುಗಿಸಿ ಮನೆಗೆ ಹೋಗುತ್ತಿರುವವರು ಯಾವ ವಯಸ್ಸಿಗೆ ಕೆಲಸ ಬಿಡಬಹುದೆಂಬುದನ್ನು 2027ರ ಅಧ್ಯಕ್ಷೀಯ ಚುನಾವಣೆ ಮುಗಿಯುವವರೆಗೆ ಯಾರೂ ಖಚಿತವಾಗಿ ಹೇಳಲಾರರು.